ಅಡ್ಡಗೆರೆಯ ಮುಂದಿನ ಅಕ್ಷರಗಳು

ಆಕೆಗೆ ಕೆಲಸ ಕೊಡಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನ ಹೊಟ್ಟೆಕಿಚ್ಚಿನ ಕತೆ ಕೇಳಿದವರೆಲ್ಲ ಕೊನೆಗೆ ಕೇಳುವುದು ಒಂದೇ ಮಾತು: "ಅಲ್ರೀ, ಆಕಿನ್ನ ಒಳಗ ಕರಕೊಂಡವ್ರು ಯಾರು?"

ದುಬೈ ಸಿಲಿಕಾನ್ ಓಯಸಿಸ್‌ನ ನಮ್ಮ ಕಟ್ಟಡದಲ್ಲಿ ನಮ್ಮದು ನಾಲ್ಕನೇ ಮಹಡಿ, ಆಕೆಯದು ಏಳನೆಯದು. ನಾನು ಬಾಗಲಕೋಟೆ ಕಡೆಯವಳು, ಆಕೆ ಗದಗಿನವಳು. ನನ್ನ ಮಗಳೂ ಆಕೆಯ ಮಗನೂ ಒಂದೇ ಶಾಲೆಯ ಬಸ್ಸಿಗೆ ಕಾಯುತ್ತಿದ್ದರು. ಅಲ್ಲಿ ನಾನು ಮಗಳಿಗೆ ಗದರಿದ್ದು ಕೇಳಿ, "ಅಕ್ಕಾ, ನೀವು ನಮ್ಮ ಕಡೇವ್ರ ಏನ್ರಿ?" ಎಂದು ಆಕೆಯೇ ಮಾತಾಡಿಸಿದಳು. ಅಂದಿನಿಂದ ಶುಕ್ರವಾರಕ್ಕೊಮ್ಮೆ ಏಳನೇ ಮಹಡಿಯಿಂದ ನಮ್ಮ ಮನೆಗೆ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಇಳಿದು ಬರುತ್ತಿತ್ತು. ಆಕೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಕೆಲಸವನ್ನೂ ಮಾಡಿ, ಮಗ ಹುಟ್ಟಿದ ಮೇಲೆ ಬಿಟ್ಟವಳು. ಗಂಡನ ವೀಸಾದ ಮೇಲೆ ಇಲ್ಲಿಗೆ ಬಂದು ಮನೆಯಲ್ಲೇ ಇದ್ದಳು. ಬಸ್ಸು ಹೋದ ಮೇಲೆ ನಾನು ಆಫೀಸಿಗೆಂದು ಕಾರಿನ ಕಡೆ ಹೆಜ್ಜೆ ಹಾಕಿದರೆ ಆಕೆ ಲಿಫ್ಟಿನ ಕಡೆ ತಿರುಗುತ್ತಿದ್ದಳು. ತಿರುಗುವ ಮುಂಚೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ಇವತ್ತ ಏನ್ ಕೆಲಸ ಐತ್ರಿ ಅಕ್ಕಾ ಆಫೀಸಿನ್ಯಾಗ?"

ನನ್ನ ಕೆಲಸವನ್ನು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಮ್ಮವರು ಸಿವಿಲ್ ಇಂಜಿನಿಯರು. ಕಣ್ಣಿಗೆ ಕಾಣದ್ದನ್ನು ಅವರು ಕೆಲಸವೆಂದು ಒಪ್ಪುವುದಿಲ್ಲ. ಹಾಗಾಗಿ ಆಕೆಗೆ ಹೇಳುವುದು ನನಗೆ ಖುಷಿ.

ನಮ್ಮದು ಸಣ್ಣ ಕಂಪನಿ. ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕಾರ್ಖಾನೆಯ ಸೂಪರ್‌ವೈಸರ್ ತನಗೆ ಬೇಕಾದ್ದನ್ನು ನಾಲ್ಕೈದು ಗೊತ್ತುಪಡಿಸಿದ ಪದಗಳಲ್ಲಿ ಬರೆಯುತ್ತಾನೆ: ಇಷ್ಟು ಉದ್ದ ಕಟ್, ಇಲ್ಲಿ ಡ್ರಿಲ್, ಇಷ್ಟು ಸಲ ರಿಪೀಟ್. ಅದನ್ನು ಓದಿ ಯಂತ್ರಕ್ಕೆ ತಿಳಿಸುವುದು ನಮ್ಮ ಪ್ರೋಗ್ರಾಂ. ಆ ಓದುವ ಭಾಗವನ್ನು ನಾವು ಕೈಯಾರೆ ಬರೆಯುವುದಿಲ್ಲ. ಅದಕ್ಕೆ ಪಾರ್ಸರ್ ಜನರೇಟರ್ ಎಂಬ ಸಲಕರಣೆ ಇದೆ. ಸೂಚನೆಗಳ ವ್ಯಾಕರಣವನ್ನು ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಸಾಕು, ಓದುವ ಪ್ರೋಗ್ರಾಮನ್ನು ಅದೇ ಬರೆದುಕೊಡುತ್ತದೆ. ಅದರಲ್ಲಿ ಒತ್ತುವ ಬಟನ್ ಇಲ್ಲ, ಚಿತ್ರವಿಲ್ಲ. ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಅದರ ಹೆಸರು ಟೈಪ್ ಮಾಡಿ, ಮುಂದೆ ಅಡ್ಡಗೆರೆ ಎಳೆದು, ಒಂದೊಂದು ಅಕ್ಷರದ ಆಪ್ಷನ್ ಕೊಡಬೇಕು. ಅಡ್ಡಗೆರೆಯ ಮುಂದೆ ಯಾವ ಅಕ್ಷರವೋ ಅದಕ್ಕೆ ತಕ್ಕ ಕೆಲಸ.

ಆ ವ್ಯಾಕರಣದ ಫೈಲು ಹಲವು ವರ್ಷಗಳಿಂದ ನನ್ನ ಕೈಯಲ್ಲಿತ್ತು. ಆಫೀಸಿನಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. "ಅದು ಮೇಡಂದು" ಎನ್ನುತ್ತಿದ್ದರು. ಸಲಕರಣೆಯನ್ನು ಓಡಿಸುವ ಸಾಲು ಮಾತ್ರ ನಾನು ಬರೆದದ್ದಲ್ಲ. ನನಗಿಂತ ಮುಂಚೆ ಇದ್ದವರು ಕೆನಡಾಕ್ಕೆ ಹೋಗುವಾಗ ಬಿಟ್ಟುಹೋದದ್ದು. ಅದರಲ್ಲಿ ಮೂರು ಆಪ್ಷನ್‌ಗಳಿದ್ದವು. ದಿನಾ ಬೆಳಿಗ್ಗೆ ಮೇಲ್ಬಾಣದ ಕೀಲಿ ಒತ್ತಿದರೆ ಹಿಂದಿನ ದಿನದ ಅದೇ ಸಾಲು ಮೇಲೆ ಬರುತ್ತಿತ್ತು, ಎಂಟರ್ ಒತ್ತಿದರೆ ಕೆಲಸ ಆಗುತ್ತಿತ್ತು. ಸರಿಯಾಗಿ ನಡೆಯುತ್ತಿರುವುದನ್ನು ಕೆದಕಿ ನೋಡುವ ಅಭ್ಯಾಸ ನನಗಿರಲಿಲ್ಲ.

ಕೆಲಸ ಹೆಚ್ಚಾಗಿ ಇನ್ನೊಬ್ಬರು ಬೇಕೆಂದಾಗ ನಾನು ಆಕೆಯ ಹೆಸರು ಹೇಳಿದೆ. ನಮ್ಮ ಮ್ಯಾನೇಜರ್ ಉಡುಪಿ ಕಡೆಯ ಬ್ಯಾರಿಗಳು. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮ ಜೊತೆ ಕರಾವಳಿ ಕನ್ನಡ. ಅವರು ಬಯೋಡಾಟಾ ನೋಡಿ ಗಡ್ಡ ಕೆರೆದುಕೊಂಡರು.

"ಇಷ್ಟು ವರ್ಷ ಗ್ಯಾಪ್ ಉಂಟಲ್ಲ ಮೇಡಂ, ಆಗ್ತದಾ ಇವರಿಂದ?"

"ನಾನು ಕಲಸ್ತೀನಿ ಸರ್."

"ನೀವು ಕಲಿಸುವುದಾದರೆ ಖಲಾಸ್, ನನಗೆ ಚಿಂತೆ ಇಲ್ಲ."

ಮೊದಲ ದಿನಗಳು ಚೆನ್ನಾಗಿದ್ದವು. ಆಕೆ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುವಳು. ನಾನು ಹೇಳುವುದು, ಆಕೆ ಹೂಂ ಅನ್ನುವುದು. ಒಂದು ಬೆಳಿಗ್ಗೆ ನನ್ನ ಸಾಲು ನೋಡಿ ಕೇಳಿದಳು, "ಅಕ್ಕಾ, ಈ ಅಡ್ಡಗೆರಿ ಡಿ ಅಂದ್ರ ಏನ್ರಿ?"

"ಅದು ಇರಬೇಕವಾ. ಇಲ್ಲಂದ್ರ ಮುಂದ ನಡೆಯೂದಿಲ್ಲ."

"ಮತ್ತ ಈ ಮೂರನೇದು?"

"ಅದೂ ಇರಬೇಕು. ಸ್ಕ್ರೀನ್ ಸ್ವಚ್ಛ ಇರತೈತಿ."

ಆಕೆ ತಲೆಯಾಡಿಸಿದಳು. ಆಮೇಲೆ ತನ್ನ ಕುರ್ಚಿಗೆ ಹೋಗಿ, ಸಲಕರಣೆಯ ಹೆಸರಿನ ಮುಂದೆ ಎರಡು ಅಡ್ಡಗೆರೆ ಎಳೆದು 'ಹೆಲ್ಪ್' ಎಂದು ಟೈಪ್ ಮಾಡಿದಳು. ಸ್ಕ್ರೀನಿನ ತುಂಬ ಆಪ್ಷನ್‌ಗಳು ಬಂದು ನಿಂತವು. ಅದು ಹಾಗೆ ಬರುತ್ತದೆಂದು ನನಗೂ ಗೊತ್ತಿತ್ತು. ಆದರೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಯಾರಾದರೂ ಕೂತು ಓದುತ್ತಾರೆಂದು ಗೊತ್ತಿರಲಿಲ್ಲ. ಆಕೆ ಗಲ್ಲಕ್ಕೆ ಕೈಕೊಟ್ಟು, ಹೊಸ ಹೋಟೆಲಿಗೆ ಹೋದವರು ತಿಂಡಿಗಳ ಪಟ್ಟಿ ಓದಿದ ಹಾಗೆ ಓದಿದಳು. ನಡುನಡುವೆ ಒಬ್ಬಳೇ ನಕ್ಕಳು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅವತ್ತೇ.

ಆ ವಾರದ ಕೊನೆಗೆ ಆಕೆ ಚಿತ್ರ ಬರೆಯುವ ಆಪ್ಷನ್ ಹಚ್ಚಿದಳು. ಅದನ್ನು ಕೊಟ್ಟರೆ ವ್ಯಾಕರಣ ಹೇಗೆ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನು ಸಲಕರಣೆ ನಕ್ಷೆಯ ರೂಪದಲ್ಲಿ ಕೊಡುತ್ತದೆ. ಅದನ್ನು ಹಲವು ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಅಂಟಿಸಿ, ಟೀ ಮಾಡುವ ಮೂಲೆಯ ಗೋಡೆಗೆ ಹಚ್ಚಿದಳು. ಮ್ಯಾನೇಜರ್ ಸುಲೈಮಾನಿ ಚಹಾದ ಲೋಟ ಹಿಡಿದುಕೊಂಡು ಅದರ ಮುಂದೆ ನಿಂತೇಬಿಟ್ಟರು.

"ಇದೆಂತ ಮಾರಾಯ್ರೆ, ಮೆಟ್ರೋದ ಮ್ಯಾಪಾ?"

"ಅಲ್ಲ ಸರ್, ಇದು ನಮ್ಮ ಅಕ್ಕಾರ ಗ್ರಾಮರ್" ಎಂದಳು ಆಕೆ.

"ಹೌದಾ? ಇಷ್ಟೆಲ್ಲ ಉಂಟಾ ಅದರಲ್ಲಿ? ಇಷ್ಟು ವರ್ಷ ನಮಗೆ ತೋರಿಸಲೇ ಇಲ್ಲ ಮೇಡಂ ನೀವು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಒಂದೊಂದು ಗೆರೆಯನ್ನೂ ತಲೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದವಳು ನಾನು. ಈಗ ಟೀ ಕುಡಿಯಲು ಬಂದವರೆಲ್ಲ ಅದರ ಮೇಲೆ ಬೆರಳಾಡಿಸುತ್ತಿದ್ದರು, ಬೆರಳಾಡಿಸಿ ಆಕೆಯನ್ನು ಹೊಗಳುತ್ತಿದ್ದರು. "ಅಕ್ಕಾರ ಗ್ರಾಮರ್" ಎಂದು ಆಕೆ ಪ್ರೀತಿಯಿಂದಲೇ ಹೇಳಿದ್ದಳು. ಅದು ನನ್ನ ಕಿವಿಗೆ ಕೊಂಕಾಗಿ ಕೇಳಿಸಿತು.

ಮನೆಯಲ್ಲಿ ಹೇಳಿಕೊಂಡೆ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಆಂಟಿ ಈಸ್ ಸೋ ಸ್ಮಾರ್ಟ್, ಅಮ್ಮಾ" ಎಂದಳು. ನಮ್ಮವರು ಊಟದ ತಾಟಿನಿಂದ ತಲೆ ಎತ್ತಿ, "ನೀನ ಹಚ್ಚಿಕೊಟ್ಟ ಕೆಲಸಲ್ಲೇನು? ಖುಷಿ ಪಡು" ಎಂದರು.

"ಖುಷೀನ ಐತ್ರಿ" ಎಂದೆ.

"ಮತ್ತ ಮಾರಿ ಯಾಕ ಹಂಗ?"

ಮುಖ ಹಾಗಿದ್ದದ್ದು ನಿಜ. ಆ ದಿನಗಳಲ್ಲಿ ಆಕೆಯ ಎಲ್ಲದರ ಮೇಲೂ ನನಗೆ ಕಣ್ಣು. ಆಕೆಯ ಟೈಪಿಂಗ್ ವೇಗ, ಆಕೆ ಮ್ಯಾನೇಜರ್ ಮುಂದೆ ಹೆದರದೆ "ಗೊತ್ತಿಲ್ಲ ಸರ್" ಎನ್ನುವ ರೀತಿ, ಕೊನೆಗೆ ಆಕೆಯ ಡಬ್ಬಿಯ ಬದನೆಕಾಯಿ ಎಣ್ಣೆಗಾಯಿ ಕೂಡ. ಆಕೆ ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೊಮ್ಮೆ ಫೇಲಾಗಿ ಕಣ್ಣು ಕೆಂಪು ಮಾಡಿಕೊಂಡು ಬಂದ ದಿನ ನಾನು ಬೆನ್ನು ಸವರಿ ಸಮಾಧಾನ ಹೇಳಿದೆ. ಆ ಮಧ್ಯಾಹ್ನ ನನಗೆ ಊಟ ರುಚಿಸಿತು.

ನಾನೂ ಓದಲು ಶುರು ಮಾಡಿದೆ. ಆಫೀಸಿನಲ್ಲಿ ಓದಿದರೆ ಆಕೆಯನ್ನು ನೋಡಿ ಓದುತ್ತಿದ್ದಾಳೆ ಎಂದು ಉಳಿದವರಿಗೆ ಅನ್ನಿಸುತ್ತದೆ. ಅದಕ್ಕೆ ಊಟದ ಹೊತ್ತಿನಲ್ಲಿ ಬೇಸ್‌ಮೆಂಟಿನ ಪಾರ್ಕಿಂಗ್‌ಗೆ ಇಳಿದು, ಕಾರಿನಲ್ಲಿ ಎಸಿ ಹಾಕಿಕೊಂಡು, ಫೋನಿನಲ್ಲಿ ಆ ಸಲಕರಣೆಯ ಕೈಪಿಡಿ ಓದುತ್ತಿದ್ದೆ. ಒಂದೇ ಗುರಿ: ಆಕೆಗೆ ಗೊತ್ತಿಲ್ಲದ ಒಂದು ಆಪ್ಷನ್ ನನಗೆ ಗೊತ್ತಿರಬೇಕು. ಹಾಗೆ ಓದುವಾಗ ಡಿ ಎಂದರೇನು ಎಂಬುದೂ ಸರಿಯಾಗಿ ಗೊತ್ತಾಯಿತು. ಪ್ರೋಗ್ರಾಮಿನ ಉಳಿದ ಭಾಗಗಳಿಗೆ ಬೇಕಾದ ಪದಗಳ ಪರಿಚಯವನ್ನು ಬೇರೊಂದು ಫೈಲಿನಲ್ಲಿ ಬರೆದುಕೊಡು ಎಂದು ಅದರ ಅರ್ಥ. ಇಷ್ಟು ಸರಳ ಉತ್ತರವನ್ನು ಅಂದು ಕೊಡಬಹುದಿತ್ತಲ್ಲ ಎಂದು ಸ್ಟೀರಿಂಗ್ ಮೇಲೆ ಕೈ ಬಡಿದುಕೊಂಡೆ.

ಕೊನೆಗೆ ಒಂದು ಸಿಕ್ಕಿತು. ಓದುವ ಪ್ರೋಗ್ರಾಂ ಓಡುವಾಗ, ಈಗ ಈ ಪದ ನೋಡಿದೆ, ಈಗ ಈ ನಿಯಮ ಹಿಡಿದೆ ಎಂದು ತನ್ನ ಪ್ರತಿ ನಡೆಯನ್ನೂ ಹೇಳಿಕೊಳ್ಳುವಂತೆ ಮಾಡುವ ಆಪ್ಷನ್. ಸೋಮವಾರದ ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ, ಆಗತಾನೇ ನೆನಪಾದಂತೆ ಅದನ್ನು ಹೇಳಿದೆ. ಮ್ಯಾನೇಜರ್ ಹುಬ್ಬೇರಿಸಿದರು. ಅಷ್ಟರಲ್ಲಿ ಆಕೆ ಉತ್ಸಾಹದಿಂದ ಮುಂದೆ ಬಾಗಿ, "ಹೌದ್ರಿ ಅಕ್ಕಾ, ಅದು ಭಾಳ ಛಲೋ ಐತಿ! ನಾ ಹೋದ ವಾರ ಹಚ್ಚಿ ನೋಡಿದ್ದೆ, ನಿಮಗ ಹೇಳೂದ ಮರತೆ" ಎಂದಳು.

ಆಕೆಯ ಮುಖದಲ್ಲಿ ಕುಹಕದ ಎಳೆಯೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೇಸಿಗೆ ಜೋರಾಗಿದ್ದ ಒಂದು ದಿನ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಕಾರ್ಖಾನೆಯೊಂದರಿಂದ ಫೋನ್ ಬಂತು. ನಮ್ಮ ಗಿರಾಕಿ. ಕಿಟಕಿಯ ಪಟ್ಟಿಗಳಿಗೆ ಎಲ್ಲೆಲ್ಲೋ ತೂತು ಬೀಳುತ್ತಿದೆ ಎಂದು ದೂರು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಹೇಳಿದರು, "ಯಲ್ಲಾ, ಬೇಗ ಹೊರಡಿ, ಇಬ್ಬರೂ ಹೋಗಿ ನೋಡಿ ಬನ್ನಿ. ಫೋನಿನಲ್ಲಿ ಅವರು ಹೇಳಿದ್ದು ನನಗೆ ಅರ್ಥವೇ ಆಗ್ತಾ ಇಲ್ಲ."

ಕಾರು ನನ್ನದು, ಓಡಿಸಿದ್ದು ನಾನು. ಎಮಿರೇಟ್ಸ್ ರೋಡಿನಲ್ಲಿ ಲಾರಿಗಳ ಸಾಲನ್ನು ದಾಟುವಾಗ ಆಕೆ ಸೀಟಿನ ಅಂಚು ಹಿಡಿದುಕೊಂಡಿದ್ದಳು.

"ನಿಮಗ ಅಂಜಿಕಿ ಆಗೂದಿಲ್ಲೇನ್ರಿ ಅಕ್ಕಾ?"

"ರೂಢಿ ಆದ್ರ ಏನೂ ಇಲ್ಲವಾ" ಎಂದು ಇನ್ನೊಂದು ಲಾರಿ ದಾಟಿದೆ. ಅದನ್ನು ದಾಟುವ ಅಗತ್ಯವಿರಲಿಲ್ಲ.

ಕಾರ್ಖಾನೆಯ ಸೂಪರ್‌ವೈಸರ್ ಹೊಸಬರು, ಪೇಶಾವರ ಕಡೆಯವರು, ನಿಧಾನದ ಮನುಷ್ಯ. ನಮ್ಮನ್ನು ಕೂರಿಸಿ ನೀರು ಕೊಟ್ಟು, ಕೆಟ್ಟ ಪಟ್ಟಿಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದೇ ಪಟ್ಟಿಗೆ ಎರಡೆರಡು ತೂತು. ಜೊತೆಗೆ ಬರಬೇಕಾದ ಎರಡನೇ ಪಟ್ಟಿಯೇ ಇಲ್ಲ. "ನಾನು ಬರೆದದ್ದು ಸರಿಯಾಗಿದೆ ಮೇಡಂ, ನೀವೇ ನೋಡಿ" ಎಂದು ಹಿಂದಿಯಲ್ಲಿ ಹೇಳಿ ತಮ್ಮ ಫೈಲು ತೆರೆದರು. ಕಟ್, ಡ್ರಿಲ್, ರಿಪೀಟ್ ಎರಡು ಎಂದಿತ್ತು. ಕತ್ತರಿಸಿ ತೂತು ಹಾಕುವ ಇಡೀ ಕೆಲಸವನ್ನು ಎರಡು ಸಲ ಮಾಡು ಎಂದು ಅವರ ಮನಸ್ಸಿನಲ್ಲಿ. ಯಂತ್ರ ಒಮ್ಮೆ ಕತ್ತರಿಸಿ ತೂತು ಮಾತ್ರ ಎರಡು ಸಲ ಹಾಕಿತ್ತು. ಈ ಹಿಂದೆ ಅಲ್ಲಿದ್ದವರು ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯುತ್ತಿದ್ದರು, ಹಾಗಾಗಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾನು ಆ ಸಾಲನ್ನೇ ನೋಡುತ್ತ ಕೂತೆ. ಆಕೆ ಪಕ್ಕದ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನನ್ನ ವ್ಯಾಕರಣದ ಮೇಲೆ ಸಲಕರಣೆಯನ್ನು ಓಡಿಸಿದಳು. ನನ್ನ ಸಾಲಿನ ಮೂರನೇ ಆಪ್ಷನ್ ತೆಗೆದಳು. ವ್ಯಾಕರಣದಲ್ಲಿ ಗೊಂದಲ ಕಂಡರೂ ಎಚ್ಚರಿಕೆಗಳನ್ನು ತೋರಿಸಬೇಡ ಎನ್ನುವುದೇ ಅದರ ಕೆಲಸ. ಅದು ಹೋದದ್ದೇ ತಡ, ಸ್ಕ್ರೀನಿನ ಮೇಲೆ ಎಚ್ಚರಿಕೆಗಳು ಒಂದರ ಹಿಂದೆ ಒಂದು ಸುರಿದವು. ಎಲ್ಲ ನನ್ನ ಫೈಲಿನವು. ನಂತರ ಆಕೆ ಇನ್ನೊಂದು ಆಪ್ಷನ್ ಸೇರಿಸಿದಳು. ಅದು ಬರೀ ಎಚ್ಚರಿಸುವುದಿಲ್ಲ. ಎರಡು ಅರ್ಥ ಬರುವ ವಾಕ್ಯವೊಂದನ್ನು ತಾನೇ ಕಟ್ಟಿ, ಎರಡು ಅರ್ಥಗಳನ್ನೂ ಕೆಳಗೆ ಬಿಡಿಸಿ ತೋರಿಸುತ್ತದೆ.

"ಅಕ್ಕಾ, ಇಲ್ನೋಡ್ರಿ."

ನೋಡಿದೆ. ಮೇಜಿನ ಮೇಲೆ ಬಿದ್ದಿದ್ದ ಪಟ್ಟಿಯ ಕತೆಯೇ ಅಲ್ಲಿತ್ತು. ಕಟ್, ಡ್ರಿಲ್, ಆಮೇಲೆ ರಿಪೀಟ್. ರಿಪೀಟ್ ಡ್ರಿಲ್ಲಿಗೆ ಮಾತ್ರ ಸೇರಿದರೆ ಒಂದು ರೂಪ, ಎರಡಕ್ಕೂ ಸೇರಿದರೆ ಇನ್ನೊಂದು ರೂಪ. ಯಾವುದೆಂದು ನಾವು ಹೇಳದಿದ್ದಾಗ ಸಲಕರಣೆ ಹತ್ತಿರದ್ದಕ್ಕೆ ಸೇರಿಸಿಬಿಡುತ್ತದೆ.

ನನಗೆ ಆ ಕ್ಷಣ ದೋಷ ಸಿಕ್ಕಿತೆಂಬ ನೆಮ್ಮದಿ ಬರಬೇಕಿತ್ತು. ಬಂದದ್ದು ಉರಿ. ಇದನ್ನು ನಾನು ಹುಡುಕಬೇಕಿತ್ತು. ನನ್ನ ಫೈಲು, ನನ್ನ ಗಿರಾಕಿ, ನನ್ನ ಕಾರಿನಲ್ಲಿ ಬಂದವಳು ಆಕೆ.

"ಈಗ ತಿದ್ದಿಬಿಡೂಣ್ರಿ. ರಿಪೀಟ್ ಯಾವಾಗಲೂ ಇಡೀ ಸಾಲಿಗೆ ಅಂತ ಮಾಡಿದ್ರ ಮುಗೀತು" ಎಂದಳು ಆಕೆ.

"ಬ್ಯಾಡ" ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಶಾರ್ಜಾದಾಗಿನ ಗಿರಾಕಿ ತೂತಿಗಷ್ಟ ರಿಪೀಟ್ ಬರೀತಾರ. ಇದನ್ನ ಬದಲಿ ಮಾಡಿದ್ರ ನಾಳೆ ಅವರ ಪಟ್ಟಿ ಕೆಡ್ತಾವು."

ಆಕೆ ತಟ್ಟನೆ ಕೈ ಹಿಂದೆ ತೆಗೆದುಕೊಂಡಳು. "ಅಯ್ಯ, ಅದು ನನಗ ಗೊತ್ತ ಇರಲಿಲ್ಲ ನೋಡ್ರಿ. ಹಂಗಾರ ಏನ್ ಮಾಡೂಣು?"

ನಾನು ಸೂಪರ್‌ವೈಸರ್ ಕಡೆ ತಿರುಗಿ ಕೇಳಿದೆ: ಯಾವುದನ್ನು ಮತ್ತೆ ಮಾಡಬೇಕೋ ಅದರ ಸುತ್ತ ಬ್ರ್ಯಾಕೆಟ್ ಹಾಕಿ ಬರೆಯಲು ಆಗುತ್ತದೆಯೇ? ಬ್ರ್ಯಾಕೆಟ್ ಇಲ್ಲದೆ ಬರೆದರೆ ಯಂತ್ರ ನಿಂತು ನಿಮ್ಮನ್ನೇ ಕೇಳುವಂತೆ ಮಾಡುತ್ತೇವೆ. ಅವರು ಯೋಚಿಸಿ, "ಮಾಫಿ ಮುಷ್ಕಿಲ್ ಮೇಡಂ, ಏನೂ ತೊಂದರೆ ಇಲ್ಲ. ಯಂತ್ರ ಕೇಳಿದರೆ ಒಳ್ಳೆಯದೇ, ಊಹೆ ಮಾಡುವುದು ಬೇಡ" ಎಂದರು. ಅಲ್ಲೇ ಕೂತು ಇಬ್ಬರೂ ನಿಯಮ ಬದಲಾಯಿಸಿದೆವು. ನಾನು ಹೇಳಿದೆ, ಆಕೆ ಟೈಪ್ ಮಾಡಿದಳು. ಒಂದು ಪಟ್ಟಿ ಕತ್ತರಿಸಿ ನೋಡಿ, ಸರಿ ಬಂದ ಮೇಲೆ ಹೊರಟೆವು.

ಮರುದಿನ ಮ್ಯಾನೇಜರ್ ಏನಾಯಿತೆಂದು ಕೇಳಿದರು. ನಾನು ವಿವರಿಸಲು ಬಾಯಿ ತೆರೆದು, ನಿಯಮ, ಆದ್ಯತೆ ಎಂದೆಲ್ಲ ಶುರು ಮಾಡಿದೆ. ಅವರ ಕಣ್ಣು ಗಡಿಯಾರದ ಕಡೆ ಹೋಯಿತು. ಆಕೆ ನಡುವೆ ಹೇಳಿದಳು, "ಸರ್, 'ನಿನ್ನೆ ಊರಿಂದ ಬಂದ ಅತ್ತೆಯ ತಂಗಿ' ಅಂದ್ರ ಬಂದವ್ರು ಯಾರು? ಅತ್ತೀನೋ, ಅತ್ತಿ ತಂಗೀನೋ?"

ಮ್ಯಾನೇಜರ್ ಗಹಗಹಿಸಿ ನಕ್ಕರು. "ಇಬ್ಬರೂ ಬಂದಿದ್ದರೆ ನಾನು ಖಲಾಸ್! ಅರ್ಥ ಆಯ್ತು, ಅರ್ಥ ಆಯ್ತು. ಎಷ್ಟು ಚಂದ ಹೇಳಿದ್ರಿ ಮಾರಾಯ್ರೆ."

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅತ್ತೆಯ ತಂಗಿ ಹೊಳೆದಿರಲಿಲ್ಲ. ನನಗೆ ಅತ್ತೆಯೂ ಇದ್ದಾರೆ, ಅವರಿಗೆ ತಂಗಿಯೂ ಇದ್ದಾರೆ. ಆದರೂ ಹೊಳೆದಿರಲಿಲ್ಲ. ಆಕೆ ಕಳಿಸಿದ ವರದಿಯಲ್ಲಿ ಶಾರ್ಜಾದ ವಿಷಯ ನನ್ನಿಂದಲೇ ತಿಳಿದದ್ದು, ಬ್ರ್ಯಾಕೆಟ್ ನನ್ನದೇ ಸಲಹೆ ಎಂದು ಬರೆದಿತ್ತು. ಅದನ್ನು ಓದಿ ಇನ್ನಷ್ಟು ಸಿಟ್ಟು ಬಂತು. ಅದನ್ನು ಬರೆಯದೆ ಬಿಟ್ಟಿದ್ದರೆ ಆಕೆಯ ಮೇಲೆ ಹೊರಿಸಲು ನನಗೆ ಒಂದು ತಪ್ಪಾದರೂ ಇರುತ್ತಿತ್ತು.

ಅದಾದ ಮೇಲೆ ಆಕೆ ಒಂದು ಮಾತು ಎತ್ತಿದಳು. ಎಚ್ಚರಿಕೆಗಳನ್ನು ತಪ್ಪುಗಳೆಂದೇ ಎಣಿಸುವ ಆಪ್ಷನ್ ಇದೆ, ಅದನ್ನು ನಮ್ಮ ಸಾಲಿಗೆ ಸೇರಿಸೋಣ, ಒಂದೇ ಒಂದು ಎಚ್ಚರಿಕೆ ಇದ್ದರೂ ಸಲಕರಣೆ ಮುಂದೆ ಹೋಗದೆ ನಿಲ್ಲುತ್ತದೆ ಎಂದಳು. ನಾನು ವಿರೋಧಿಸಿದೆ. ಈಗಿರುವ ಎಚ್ಚರಿಕೆಗಳನ್ನೆಲ್ಲ ತೆಗೆಯುವವರೆಗೆ ಬೇರೆ ಕೆಲಸವೇ ಆಗುವುದಿಲ್ಲ ಎಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಬೇರೆ ಯಾರಾದರೂ ಹೇಳಿದ್ದರೆ ನಾನು ಅಷ್ಟು ಹಟ ಹಿಡಿಯುತ್ತಿರಲಿಲ್ಲ.

"ಮೇಡಂ ಹೇಳುವುದೂ ಸರಿ, ಆದರೆ ಇನ್ನೊಮ್ಮೆ ಹೀಗಾದರೆ ಗಿರಾಕಿ ಉಳಿಯುವುದಿಲ್ಲ. ನೀವಿಬ್ಬರೂ ಕೂತು ಎಲ್ಲ ಕ್ಲೀನ್ ಮಾಡಿಬಿಡಿ" ಎಂದರು ಮ್ಯಾನೇಜರ್.

ಹಾಗಾಗಿ ಕೆಲವು ವಾರ ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಕೂತೆವು. ಆಕೆಗೆ ಯಾವ ಆಪ್ಷನ್ ಏನು ಹೇಳುತ್ತದೆಂದು ಗೊತ್ತು. ನನಗೆ ಯಾವ ನಿಯಮ ಯಾವ ಗಿರಾಕಿಗಾಗಿ ಸೇರಿತೆಂದು ಗೊತ್ತು. ಅಲ್ ಐನ್‌ನವರು ಇಂಚಿನಲ್ಲಿ ಬರೆಯುತ್ತಾರೆ, ಶಾರ್ಜಾದವರು ಅಲ್ಪವಿರಾಮ ಹಾಕುವುದಿಲ್ಲ ಎಂದು ನಾನು ಹೇಳುತ್ತ ಹೋದರೆ ಆಕೆ ಬೆರಗಿನಿಂದ ಕೇಳುತ್ತಿದ್ದಳು. ಒಂದೊಂದು ಎಚ್ಚರಿಕೆ ಕಡಿಮೆಯಾದಾಗ ಆಕೆ ಮೇಜು ಬಡಿದು "ಹೋತು!" ಎನ್ನುತ್ತಿದ್ದಳು. ಕೆಲವೊಮ್ಮೆ ನಾನೂ ಮೈಮರೆತು ನಗುತ್ತಿದ್ದೆ. ಆಮೇಲೆ ನೆನಪಾಗಿ ಬಿಗಿಯಾಗುತ್ತಿದ್ದೆ.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಆಕೆ ಹೇಳಿದಳು, "ಅಕ್ಕಾ, ಒಂದ್ ಮಾತ ಹೇಳಲ್ರಿ? ಸಿಟ್ಟಾಗಬಾರದು."

"ಹೇಳವಾ."

"ಕೆಲಸಕ್ಕ ಬರೂಕಿಂತ ಮೊದಲ ನಾ ಬಾಲ್ಕನ್ಯಾಗ ನಿಂತು ನಿಮ್ಮನ್ನ ನೋಡ್ತಿದ್ದೆ. ಕೊಳ್ಳಾಗ ಐಡಿ ಕಾರ್ಡ್ ಹಾಕ್ಕೊಂಡು ಹೊಂಟಿರ್ತಿದ್ರಿ. ಎಷ್ಟ ಹೊಟ್ಟಿಕಿಚ್ಚ ಆಗ್ತಿತ್ತಂದ್ರ, ಒಳಗ ಬಂದು ಅಳ್ತಿದ್ದೆ. ರೊಟ್ಟಿ ಮಾಡಿ ಕಳಸೂದು ಯಾಕ ಗೊತ್ತೇನ್ರಿ? ನೀವು ನನ್ನ ಮರೀಬಾರದು ಅಂತ."

ಕತೆ ಪುಸ್ತಕಗಳಲ್ಲಿ ಇಂಥ ಮಾತು ಕೇಳಿದವರ ಕಣ್ಣು ತುಂಬಿ ಬರುತ್ತದೆ. ನನಗೆ ಮೊದಲು ಬಂದ ಯೋಚನೆ ಬೇರೆ. ಹೊಟ್ಟೆಕಿಚ್ಚಿನಲ್ಲೂ ಈಕೆ ನನಗಿಂತ ಮುಂದೆ ಇದ್ದಳಲ್ಲ! ಮೊದಲೇ ಪಟ್ಟು, ಮುಗಿಸಿ, ಈಗ ಊಟ ಮಾಡುತ್ತ ನಗುತ್ತ ಹೇಳಿಬಿಟ್ಟಳು. ನಾನಿನ್ನೂ ನಡುವೆ ಸಿಕ್ಕಿಬಿದ್ದಿದ್ದೆ, ಹೇಳುವ ಧೈರ್ಯವೂ ಇರಲಿಲ್ಲ.

"ಹುಚ್ಚಿ" ಎಂದೆ ಅಷ್ಟೆ. ಆಕೆಯ ಡಬ್ಬಿಗೆ ನನ್ನ ಪಲ್ಯ ಹಾಕಿದೆ.

ಎಲ್ಲ ಎಚ್ಚರಿಕೆಗಳೂ ಹೋದ ದಿನ ಆಕೆ ಆ ಕಟ್ಟುನಿಟ್ಟಿನ ಆಪ್ಷನ್ ಸೇರಿಸಿ ಕೀಬೋರ್ಡನ್ನು ನನ್ನ ಕಡೆ ಸರಿಸಿ, "ನೀವ ಒತ್ರಿ" ಎಂದಳು. ಒತ್ತಿದೆ. ಸಲಕರಣೆ ಒಂದು ಮಾತೂ ಆಡದೆ ಕೆಲಸ ಮುಗಿಸಿತು. ಮುಂಚೆಯೂ ಅದು ಮಾತಾಡುತ್ತಿರಲಿಲ್ಲ, ಬಾಯಿ ಮುಚ್ಚಿಸಿದ್ದೆವು. ಈಗ ಅದಕ್ಕೆ ಹೇಳಲು ಏನೂ ಇರಲಿಲ್ಲ. ಆ ವ್ಯತ್ಯಾಸ ನನಗೆ ಸಂತೋಷವನ್ನೇ ಕೊಟ್ಟಿತು, ಅದನ್ನು ಇಲ್ಲವೆನ್ನಲಾರೆ.

ಕೆಲವು ತಿಂಗಳ ನಂತರ ಅಬುಧಾಬಿಯಲ್ಲಿ ದೊಡ್ಡ ಗಿರಾಕಿ ಸಿಕ್ಕು, ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಸಣ್ಣ ಆಫೀಸು ತೆರೆಯುವ ಮಾತು ಬಂತು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಮ್ಯಾನೇಜರ್ ಮೊದಲು ನನ್ನನ್ನೇ ಕರೆದು ಕೇಳಿದರು.

"ನೀವು ಹೋಗ್ತೀರಾ ಮೇಡಂ? ನಿಮಗೆ ಕೇಳದೆ ಬೇರೆಯವರಿಗೆ ಕೇಳುವುದು ಸರಿಯಲ್ಲ."

ಮಗಳ ಹತ್ತನೇ ತರಗತಿ ನಡೆದಿತ್ತು, ನಮ್ಮವರ ಕೆಲಸ ದುಬೈಯಲ್ಲಿ. ದಿನಾ ಹೋಗಿ ಬರುವುದು ಆಗದ ಮಾತು. ಮನೆಯಲ್ಲಿ ಮಾತಾಡಿ, ಮರುದಿನ ಆಗುವುದಿಲ್ಲ ಎಂದೆ. ಬೇಸರವೇನೂ ಆಗಲಿಲ್ಲ. ಅವರು ಆಕೆಯನ್ನು ಕೇಳಿದರು. ಆಕೆಯ ಗಂಡನಿಗೆ ಅಬುಧಾಬಿಯಲ್ಲಿ ಕೆಲಸ ಬದಲಾಯಿಸಿಕೊಳ್ಳಲು ಅನುಕೂಲವಿತ್ತು, ಆಕೆ ಒಪ್ಪಿದಳು. ಅವತ್ತು ಶುರುವಾಯಿತು ನೋಡಿ ನನ್ನ ಸಂಕಟ. ನಾನು ಬೇಡವೆಂದು ಎದ್ದ ಎಲೆಯ ಮುಂದೆ ಇನ್ನೊಬ್ಬರು ಕೂತರೆ ನನಗೇನು? ಗೊತ್ತಿತ್ತು. ಗೊತ್ತಿದ್ದರೂ ಎದೆ ಉರಿಯಿತು.

ಹೊರಡುವ ಮುಂಚೆ ಆಕೆ ಮನೆಗೆ ಬಂದು ಕಾಲಿಗೆ ಬಿದ್ದಳು. ನನ್ನ ಮಗಳು ಅದನ್ನು ನೋಡಿ ಕಕ್ಕಾಬಿಕ್ಕಿಯಾದಳು. ನಾನು ಉಡಿ ತುಂಬಿದೆ. "ಎಲ್ಲಾ ಛಲೋ ಆಗಲಿ" ಎಂದೆ. ಆ ಮಾತು ಮನಸ್ಸಿನಿಂದ ಬಂದದ್ದೇ. ಅದರ ಪಕ್ಕದಲ್ಲಿ ಬೇರೆ ಏನೇನು ಇತ್ತೋ ಅದೂ ಮನಸ್ಸಿನದೇ.

ಆಕೆ ಹೋದ ಮೇಲೆ ಫೈಲು ಮತ್ತೆ ನನ್ನೊಬ್ಬಳದಾಯಿತು. ಸಲಕರಣೆ ಓಡಿಸುವ ಸಾಲು ಈಗ ಉದ್ದವಾಗಿದೆ, ಅದರ ಪ್ರತಿ ಅಕ್ಷರವೂ ಯಾಕಿದೆಯೆಂದು ನನಗೆ ಗೊತ್ತು. ಹೊಸಬರು ಯಾರಾದರೂ ಕೇಳಿದರೆ ವಿವರವಾಗಿ ಹೇಳುತ್ತೇನೆ. ಹೇಳುವಾಗ ನನ್ನ ಬಾಯಲ್ಲಿ ಅತ್ತೆಯ ತಂಗಿಯೂ ಬರುತ್ತಾಳೆ, ಜನ ನಗುತ್ತಾರೆ. ಉದಾಹರಣೆ ಯಾರದೆಂದು ಕೆಲವೊಮ್ಮೆ ಹೇಳುತ್ತೇನೆ, ಕೆಲವೊಮ್ಮೆ ಇಲ್ಲ.

ಚಳಿಗಾಲದಲ್ಲಿ ಒಂದು ಶನಿವಾರ ಕುಟುಂಬ ಸಮೇತ ಅಬುಧಾಬಿಗೆ ಹೋದೆವು. ಆಕೆಯೇ ಕರೆದಿದ್ದಳು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಪಾರ್ಕಿಂಗ್ ಸಿಗದೆ ಸುತ್ತು ಹೊಡೆಯುತ್ತಿದ್ದಾಗ ಆಕೆ ಕೆಳಗಿಳಿದು ಬಂದು, ತನ್ನ ಕಾರು ತೆಗೆದು ನಮಗೆ ಜಾಗ ಮಾಡಿಕೊಟ್ಟಳು. ಲೈಸೆನ್ಸ್ ಸಿಕ್ಕಿತ್ತು. ಮೊಬೈಲ್ ಅಂಗಡಿಗಳ ಮೇಲಿನ ಮಹಡಿಯಲ್ಲಿ ಆಫೀಸು. ಬಾಗಿಲ ಮೇಲೆ ಆಕೆಯ ಹೆಸರು. ಒಳಗೆ ನಾಲ್ಕು ಮೇಜು. ಗೋಡೆಯ ಮೇಲೆ ಹೊಸ ಗಿರಾಕಿಯ ವ್ಯಾಕರಣದ ನಕ್ಷೆ.

"ನೋಡ್ರಿ ಅಕ್ಕಾ, ಇಲ್ಲೊಂದು ತೊಡಕ ಐತಿ. ನಿಮ್ಮ ಕಣ್ಣಿಗೆ ಬೀಳಲಿ ಅಂತ ಹಂಗ ಬಿಟ್ಟೀನಿ" ಎಂದಳು. ಇಬ್ಬರೂ ಅದರ ಮುಂದೆ ನಿಂತೆವು. ಅಳತೆಗಳನ್ನು ಅರಬ್ಬಿ ಅಂಕಿಗಳಲ್ಲಿ ಬರೆದಾಗ ಬರುವ ತೊಡಕು. ನಾನು ಒಂದು ದಾರಿ ಹೇಳಿದೆ, ಆಕೆ ಅದರಲ್ಲೊಂದು ಕುಂದು ತೋರಿಸಿದಳು, ನಾನು ಅದನ್ನು ಸರಿಪಡಿಸಿದೆ. ಮಕ್ಕಳು ಹಸಿವೆಂದು ಕೂಗುವವರೆಗೆ ನಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಕೆಯ ಮನೆಯಲ್ಲಿ ಊಟ ಮಾಡಿದೆವು. ಎಣ್ಣೆಗಾಯಿ ಹಾಗೇ ಇತ್ತು, ನನ್ನ ಕೈಗೆ ಇವತ್ತಿಗೂ ಬಾರದ ರುಚಿ.

ತಿರುಗಿ ಬರುವಾಗ ದುಬೈ ರಸ್ತೆಯಲ್ಲಿ ಸಂಜೆಯ ದಟ್ಟಣೆ. ಮಗಳು ಹಿಂದೆ ನಿದ್ದೆ ಹೋಗಿದ್ದಳು. ಗಾಡಿ ಓಡಿಸುತ್ತಿದ್ದ ನಮ್ಮವರು ಕೇಳಿದರು, "ಹ್ಯಾಂಗಿತ್ತು ಆಕಿ ಆಫೀಸು?"

"ಸಣ್ಣದು" ಎಂದೆ.

ದಟ್ಟಣೆ ಸ್ವಲ್ಪ ಕಡಿಮೆಯಾದ ಮೇಲೆ ನಾನೇ ಹೇಳಿದೆ, "ಕಿಟಕಿ ಮಾತ್ರ ದೊಡ್ಡದೈತ್ರಿ. ಭಾಳ ಬೆಳಕು."

ಅವರು ನಕ್ಕು ಗಾಡಿಯ ವೇಗ ಹೆಚ್ಚಿಸಿದರು.